ವಿಮಾನದ ಸೀಟಲ್ಲಿ ಕೂತಾಗ ಆಗುವ ಹಿಂಸೆಯನ್ನು ಅಳೆಯೋಕಾಗುತ್ತಾ?

ಆಗುತ್ತೆ. ಆದರೆ ಯಂತ್ರಕ್ಕಿಂತ ಮೊದಲು ಕೂತವರನ್ನೇ ಕೇಳಬೇಕು. 1976ರಲ್ಲಿ ಕಾರ್ಲೆಟ್ ಮತ್ತು ಬಿಷಪ್ ಅನ್ನೋ ಸಂಶೋಧಕರು ಕೊಟ್ಟ ವಿಧಾನ ಈಗಲೂ ಬಳಕೆಯಲ್ಲಿದೆ: ಮೈಯ ಚಿತ್ರದಲ್ಲಿ ಕುತ್ತಿಗೆ, ಬೆನ್ನು, ಸೊಂಟ, ತೊಡೆ ಅಂತ ಭಾಗ ಮಾಡಿ, ಎಲ್ಲಿ ಎಷ್ಟು ನೋವು ಅಂತ ಆಗಾಗ ಗುರುತು ಹಾಕಿಸೋದು. ಆ ‘ಆಗಾಗ’ ಇದೆಯಲ್ಲ, ಅದೇ ಮುಖ್ಯ. ಹತ್ತು ನಿಮಿಷಕ್ಕೆ ಎಂಥ ಸೀಟೂ ಹಿತವಾಗೇ ಇರುತ್ತೆ. ದಾವಣಗೆರೆಯಿಂದ ಬೆಂಗಳೂರಿಗೆ ಬಸ್ಸಲ್ಲಿ ಹೋಗುವಾಗ ನೀವೇ ಮಾಡಿ ನೋಡಿ. ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು ಬಂದಾಗಲೆಲ್ಲ ಸೊಂಟದ ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಬರೆದುಕೊಳ್ಳಿ. ಅಂಕ ಏರುತ್ತಾ ಹೋಗೋದು ಕಾಣುತ್ತೆ.

ಸೆನ್ಸರ್ ಇರುವ ತೆಳು ಹಾಸು ಹಾಕಿ ಪೃಷ್ಠ, ತೊಡೆಯ ಮೇಲಿನ ಒತ್ತಡವನ್ನೂ ನೋಡುತ್ತಾರೆ. ಕೂತವರು ಎಷ್ಟು ಸಲ ಮಿಸುಕಾಡಿದರು ಅಂತಲೂ ಎಣಿಸುತ್ತಾರೆ. ನನಗೆ ಈ ಎಣಿಕೆ ಮೇಲೇ ನಂಬಿಕೆ ಜಾಸ್ತಿ. ಸಂಕೋಚಕ್ಕೆ ಬಾಯಿ ‘ಪರವಾಗಿಲ್ಲ’ ಅಂದರೂ ಸೊಂಟ ಸುಮ್ಮನಿರಲ್ಲ.

ಎಕಾನಮಿಯಲ್ಲಿ ಸಾಮಾನ್ಯವಾಗಿ ಹೇಳುವ 28–32 ಇಂಚಿನ ಪಿಚ್ ನೋಡಿ ಮೋಸಹೋಗಬೇಡಿ. ಅದು ಒಂದು ಸೀಟಿನ ಒಂದು ಜಾಗದಿಂದ ಮುಂದಿನ ಸೀಟಿನ ಅದೇ ಜಾಗಕ್ಕಿರುವ ಅಂತರ. ಸೀಟಿನ ಬೆನ್ನಿನ ದಪ್ಪ ಕಳೆದ ಮೇಲಷ್ಟೇ ಮೊಣಕಾಲಿಗೆ ಜಾಗ.