ನಾವಿಕ ಆ ಹಕ್ಕಿಯನ್ನು ಕೊಂದದ್ದೇಕೆ?

ಇಂಗ್ಲಿಷ್ ಕವಿ ಕೋಲ್‌ರಿಜ್‌ನ ‘ದಿ ರೈಮ್ ಆಫ್ ದಿ ಏನ್ಷಿಯಂಟ್ ಮ್ಯಾರಿನರ್’ ಕವನದಲ್ಲಿ ಮುದಿ ನಾವಿಕ ಆಲ್ಬಟ್ರಾಸ್ ಹಕ್ಕಿಯನ್ನು ಕೊಂದದ್ದೇಕೆ, ಕಾರಣ ಹೇಳುವ ಸಾಲು ನಿಮ್ಮ ಪ್ರತಿಯಲ್ಲಿ ಬಿಟ್ಟುಹೋಗಿದೆಯೇ ಎಂದು ಕೇಳಿದ್ದೀರಿ. ಬಿಟ್ಟುಹೋಗಿಲ್ಲ, ಕವಿ ಕಾರಣವನ್ನು ಹೇಳಿಯೇ ಇಲ್ಲ. ಮಂಜಿನ ನಡುವಿನಿಂದ ಬಂದ ಹಕ್ಕಿ ನಾವಿಕರು ಕೊಟ್ಟದ್ದನ್ನು ತಿನ್ನುತ್ತದೆ, ಕರೆದಾಗ ಬರುತ್ತದೆ. ಅಡ್ಡಬಿಲ್ಲಿನಿಂದ ಅದನ್ನು ಹೊಡೆದೆ ಎಂದಷ್ಟೇ ಮುದಿ ನಾವಿಕ ಹೇಳುವಲ್ಲಿಗೆ ಮೊದಲ ಭಾಗ ಮುಗಿದುಹೋಗುತ್ತದೆ. ಆ ಮೌನವೇ ನನ್ನನ್ನು ಪ್ರತಿ ಸಲವೂ ಕಲಕುತ್ತದೆ.

ನಾಲ್ಕನೆಯ ಭಾಗವನ್ನು ಇದರ ಪಕ್ಕದಲ್ಲಿಟ್ಟು ಓದಿ. ಸಂಗಡಿಗರೆಲ್ಲ ಸತ್ತಿದ್ದಾರೆ, ಹಕ್ಕಿಯ ಹೆಣ ಅವನ ಕೊರಳಲ್ಲಿದೆ, ಪ್ರಾರ್ಥನೆ ಬಾಯಿಗೆ ಬರುತ್ತಿಲ್ಲ. ಬೆಳದಿಂಗಳಲ್ಲಿ ಹೊಳೆಯುವ ನೀರುಹಾವುಗಳನ್ನು ಕಂಡು ತನಗೇ ಅರಿವಿಲ್ಲದೆ ಹರಸುತ್ತಾನೆ. ಆ ಕ್ಷಣವೇ ಹಕ್ಕಿ ಕಳಚಿ, ಸೀಸದ ಗುಂಡಿನಂತೆ ಕಡಲಿಗೆ ಬೀಳುತ್ತದೆ. ಕೊಂದದ್ದಕ್ಕೆ ಕಾರಣವಿಲ್ಲ, ಹರಸಿದ್ದಕ್ಕೂ ಇಲ್ಲ. ಕೊಲೆಗೊಂದು ಕಾರಣ ಕೊಟ್ಟಿದ್ದರೆ ಈ ಹರಸುವಿಕೆಯ ಬೆರಗೇ ಉಳಿಯುತ್ತಿರಲಿಲ್ಲ ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನು ಅಂಚಿನಲ್ಲಿರುವ ಗದ್ಯ ಟಿಪ್ಪಣಿಗಳು. ಅವೂ ಕೋಲ್‌ರಿಜ್‌ನವೇ, ಆದರೆ 1798ರ ಮೊದಲ ಮುದ್ರಣದಲ್ಲಿ ಇರಲಿಲ್ಲ, 1817ರಲ್ಲಿ ಸೇರಿಸಿದವು. ಅತಿಥಿಧರ್ಮ ಮೀರಿ ಶುಭಶಕುನದ ಹಕ್ಕಿಯನ್ನು ಕೊಂದ ಎಂದು ಅವು ತೀರ್ಪು ಕೊಟ್ಟುಬಿಡುತ್ತವೆ. ಸಂಗಡಿಗರಾದರೋ ಮೊದಲು ಬೈದು, ಮಂಜು ಸರಿದ ಕೂಡಲೇ ಕೊಂದದ್ದೇ ಸರಿ ಎನ್ನುತ್ತಾರೆ! ಒಮ್ಮೆ ಟಿಪ್ಪಣಿಗಳನ್ನು ಕೈಯಿಂದ ಮುಚ್ಚಿಕೊಂಡು, ಗಟ್ಟಿಯಾಗಿ ಓದಿ ನೋಡಿ.