ಎರಕದ ಲ್ಯೂರ್‌ಗೆ ಟ್ರೌಟ್ ಮರಿಯ ಬಣ್ಣ

ಪ್ರಶ್ನೆ: ಧಾರವಾಡದ ಕಡೆಯವರಾದ ನಾವು ಬಹಳ ವರ್ಷಗಳಿಂದ ಪುಣೆಯ ಕೋಥ್ರೂಡ್‌ನಲ್ಲಿ ನೆಲೆಸಿದ್ದೇವೆ. ನನ್ನ ಮಗನೂ ಅವನ ಸೋದರಮಾವನೂ ಬೇಸಿಗೆಯಲ್ಲಿ ಹಿಮಾಚಲದ ತೀರ್ಥನ್ ಕಣಿವೆಗೆ ಗಾಳ ಹಾಕಲು ಹೋಗುವವರಿದ್ದು, ಅದಕ್ಕಾಗಿ ಮೃದು ಪ್ಲಾಸ್ಟಿಕ್ಕಿನ ಲ್ಯೂರ್‌ಗಳನ್ನು (ಮೀನನ್ನು ಸೆಳೆಯುವ ಕೃತಕ ಎರೆಗಳನ್ನು) ಮನೆಯಲ್ಲಿಯೇ ಎರಕ ಹೊಯ್ಯುತ್ತಿದ್ದಾರೆ. ಮೂರಂಗುಲದ ಮೀನಿನ ಆಕಾರವೇನೋ ಚೆನ್ನಾಗಿ ಬಂದಿದೆ. ಆದರೆ ರೇನ್‌ಬೋ ಟ್ರೌಟ್‌ನ ಚಿತ್ರವನ್ನು ಮುಂದಿಟ್ಟುಕೊಂಡು ಹಸಿರು ಬೆನ್ನು, ಗುಲಾಬಿ ಪಟ್ಟೆ, ಕಪ್ಪು ಚುಕ್ಕೆ ಎಲ್ಲವನ್ನೂ ಹಾಕಿದರೂ ಅದರಲ್ಲಿ ಜೀವಕಳೆ ಕಾಣುವುದಿಲ್ಲ. ಎಲ್ಲಿ ತಪ್ಪುತ್ತಿದೆ?
– ಓದುಗರು, ಕೋಥ್ರೂಡ್, ಪುಣೆ

ಉತ್ತರ: ತಪ್ಪಿರುವುದು ಅವರ ಕೈಕೆಲಸದಲ್ಲಲ್ಲ, ಮಾದರಿಯ ಆಯ್ಕೆಯಲ್ಲಿ. ಚಿತ್ರಗಳಲ್ಲಿ ಕಾಣುವ ಢಾಳಾದ ಗುಲಾಬಿ ಪಟ್ಟೆಯ ರೇನ್‌ಬೋ ಟ್ರೌಟ್ ಬೆಳೆದ ಮೀನು. ಮೂರಂಗುಲದ ಟ್ರೌಟ್ ಎಂದರೆ ಇನ್ನೂ ಮರಿ. ಮರಿಯ ಮೈಬಣ್ಣವೇ ಬೇರೆ. ಅದರ ಪಕ್ಕೆಯ ಉದ್ದಕ್ಕೂ, ಕಿವಿರಿನ ಹಿಂದಿನಿಂದ ಬಾಲದ ಬುಡದವರೆಗೆ, ಬೆರಳೊತ್ತಿದ ಗುರುತಿನಂತಹ ಅಂಡಾಕಾರದ ಮಸುಕು ಕಲೆಗಳು ಸಾಲಾಗಿ ನಿಂತಿರುತ್ತವೆ. ನೀಲಿ ಬೆರೆತ ಬೂದು ಬಣ್ಣದ ಈ ಕಲೆಗಳು ಮೀನು ಬೆಳೆದಂತೆ ಮಾಸಿಹೋಗುತ್ತವೆ. ತೀರ್ಥನ್ ನದಿ ಮುಖ್ಯವಾಗಿ ಬ್ರೌನ್ ಟ್ರೌಟ್‌ಗೆ ಹೆಸರಾದದ್ದು, ಮತ್ತು ಬಲಿತ ಬ್ರೌನ್ ಟ್ರೌಟ್ ತನ್ನ ಜಾತಿಯ ಮರಿಗಳನ್ನೂ ಬಿಡದೆ ತಿನ್ನುತ್ತದೆ. ಆದ್ದರಿಂದ ತಮ್ಮವರು ಅನುಕರಿಸಬೇಕಾದದ್ದು ಬ್ರೌನ್ ಟ್ರೌಟ್‌ನ ಮರಿಯನ್ನು: ಹೊಂಬಣ್ಣ ಬೆರೆತ ಕಂದು ಬೆನ್ನು, ತಿಳಿಯಾದ ಪಕ್ಕೆ, ಅದರ ಮೇಲೆ ಮಸುಕು ಕಲೆಗಳ ಸಾಲು, ಆ ಸಾಲಿನ ನಡುನಡುವೆ ಕಿತ್ತಳೆಗೆಂಪಿನ ಕೆಲವೇ ಸಣ್ಣ ಚುಕ್ಕೆ, ಕೆನೆಬಿಳಿ ಹೊಟ್ಟೆ.

ಎರಡನೆಯ ಮಾತು ಬಣ್ಣದ ದಟ್ಟಣೆಗೆ ಸೇರಿದ್ದು. ಮರಿಮೀನಿನ ಮೈಯೊಳಗೆ ಬೆಳಕು ಸ್ವಲ್ಪ ಹಾಯುತ್ತದೆ. ಬಣ್ಣವನ್ನು ಬೊಗಸೆಗಟ್ಟಲೆ ಸುರಿದ ಪ್ಲಾಸ್ಟಿಕ್‌ನಲ್ಲಿ ಅದು ಹಾಯುವುದಿಲ್ಲ. ಎರಕಕ್ಕೆ ಬಳಸುವ ಪ್ಲಾಸ್ಟಿಸಾಲ್ ಎಂಬ ದ್ರವವು ಪಿವಿಸಿ ಪುಡಿಯನ್ನು, ಅದನ್ನು ಮೆದುವಾಗಿಸುವ ಪ್ಲಾಸ್ಟಿಸೈಸರ್ ಎಣ್ಣೆಯಲ್ಲಿ ಕಲಸಿದ್ದಾಗಿದ್ದು, ಕಾಯಿಸಿದಾಗ ಮೊದಲು ಹಾಲಿನ ಬಣ್ಣದಲ್ಲಿದ್ದದ್ದು ಗಟ್ಟಿಯಾಗಿ, ಸುಮಾರು 175 ಡಿಗ್ರಿ ಸೆಲ್ಸಿಯಸ್‌ಗೆ ಬಂದಾಗ ತಿಳಿಯಾಗಿ ತೆಳ್ಳಗಾಗುತ್ತದೆ. ಅದು ಹೀಗೆ ತಿಳಿಯಾದ ಮೇಲೆಯೇ ಬಣ್ಣದ ನಿಜವಾದ ದಟ್ಟಣೆ ಗೊತ್ತಾಗುವುದು. ಬೆನ್ನಿನ ಬಣ್ಣಕ್ಕೆ ಕಂದು ಮತ್ತು ಹಸಿರನ್ನು ಒಂದೊಂದೇ ಹನಿ ಸೇರಿಸುತ್ತ, ಪ್ರತಿ ಸಲವೂ ಕಡ್ಡಿಯ ತುದಿಯಿಂದ ಸ್ವಲ್ಪವನ್ನು ತಟ್ಟೆಯ ಮೇಲೆ ಎಳೆದು, ಆರಿದ ಎಳೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಬೆರಳಿಟ್ಟು ನೋಡಬೇಕು. ಬೆರಳಿನ ನೆರಳು ಕಾಣುತ್ತಿದ್ದರೆ ಅಲ್ಲಿಗೇ ನಿಲ್ಲಿಸಬೇಕು. ಪಕ್ಕೆಯ ಬಟ್ಟಲಿಗೆ ಒಂದು ಚಿಟಿಕೆ ಮುತ್ತಿನ ಹೊಳಪಿನ ಮೈಕಾ ಪುಡಿಯೂ ಹೊಂಬಣ್ಣದ ಸುಳಿವೂ ಸಾಕು. ಹೊಟ್ಟೆಗೆ ಮಾತ್ರ ಬಿಳಿಯನ್ನು ಧಾರಾಳವಾಗಿ ಹಾಕಬಹುದು.

ಬೆನ್ನು ಕೆಳಗಾಗಿ ಬರುವ, ಮೇಲೆ ತೆರೆದ ಅಚ್ಚು ಇದ್ದರೆ ಕೆಲಸದ ಕ್ರಮ ಹೀಗಿರಲಿ. ಮೊದಲು ಬೆನ್ನಿನ ಬಣ್ಣದಲ್ಲಿಯೇ ಸ್ವಲ್ಪವನ್ನು ಬೇರೆ ತೆಗೆದು, ಕಪ್ಪು ಮತ್ತು ನೀಲಿಯನ್ನು ತುಸು ಬೆರೆಸಿ, ಕಡ್ಡಿಯಿಂದ ಅಚ್ಚಿನ ಎರಡೂ ಪಕ್ಕದ ಗೋಡೆಗೆ ಕಲೆಗಳನ್ನು ಮುಟ್ಟಿಸಬೇಕು. ಅವು ಕ್ಷಣದಲ್ಲಿ ಆರುತ್ತವೆ, ಆಮೇಲೆ ಹೊಯ್ಯುವ ಬಿಸಿ ಪ್ಲಾಸ್ಟಿಕ್ ಅವನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಕಿತ್ತಳೆಯ ಚುಕ್ಕೆಗಳನ್ನು ಸೂಜಿಯ ತುದಿಯಿಂದ ಹೀಗೆಯೇ ಇಡಬಹುದು. ಅನಂತರ ತಳದಲ್ಲಿ ಬೆನ್ನಿನ ಬಣ್ಣ, ಅದರ ಮೇಲೆ ಪಕ್ಕೆಯದು, ಕೊನೆಗೆ ಹೊಟ್ಟೆಯದು. ಪದರಗಳ ನಡುವಿನ ಸಮಯವೇ ಇಲ್ಲಿ ಎಲ್ಲಕ್ಕಿಂತ ಸೂಕ್ಷ್ಮ: ಕೆಳಗಿನದು ಇನ್ನೂ ದ್ರವವಾಗಿದ್ದರೆ ಬಣ್ಣಗಳು ಕಲಸಿಹೋಗುತ್ತವೆ, ಪೂರ್ತಿ ತಣ್ಣಗಾಗಿದ್ದರೆ ಮೊದಲ ಮೀನು ಕಚ್ಚಿದ ಕೂಡಲೇ ಪದರ ಬಿಟ್ಟುಕೊಳ್ಳುತ್ತದೆ. ಮೇಲ್ಮೈ ಕೆನೆಗಟ್ಟಿದಂತೆ ಕಂಡ ಗಳಿಗೆಯಲ್ಲಿ, ಮೇಲಿನ ಪದರವನ್ನು ಚೆನ್ನಾಗಿ ಬಿಸಿಯಿರುವಾಗಲೇ ಹೊಯ್ಯಬೇಕು.

ಗುಲಾಬಿ ಪಟ್ಟೆ ಬೇಕೇಬೇಕೆನ್ನುವುದಾದರೆ ಅದನ್ನು ದ್ರವದಲ್ಲಿ ಬೆರೆಸುವುದು ಬೇಡ. ಗುಲಾಬಿ ಮೈಕಾ ಪುಡಿಯನ್ನು ಒಣ ಕುಂಚದಿಂದ ಅಚ್ಚಿನ ಗೋಡೆಗೆ ತೆಳುವಾಗಿ ಸವರಿ ಎರಕ ಹೊಯ್ದರೆ, ಲ್ಯೂರ್ ತಿರುಗಿದಾಗ ಮಾತ್ರ ಮಿನುಗುವ ಛಾಯೆ ಬರುತ್ತದೆ. ಮೈಕಾ ಪುಡಿಯು ಸಾಬೂನು ಮತ್ತು ರೆಸಿನ್ ಕಲೆಯ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಹಿಮಾಚಲದಲ್ಲಿ ಟ್ರೌಟ್ ಹಿಡಿಯಲು ಮೀನುಗಾರಿಕೆ ಇಲಾಖೆಯ ಪರವಾನಗಿ ಅಗತ್ಯ ಎಂಬುದನ್ನೂ ಹೊರಡುವ ಮೊದಲೇ ನೆನಪಿಟ್ಟುಕೊಳ್ಳಲಿ.

ಪ್ರಶ್ನೆ: ಲ್ಯೂರ್‌ನ ಮೇಲೆ ಮಾರ್ಕರ್ ಪೆನ್ನಿನಿಂದ ಇಟ್ಟ ಕಪ್ಪು ಚುಕ್ಕೆಗಳು ಕೆಲವೇ ದಿನಗಳಲ್ಲಿ ಹರಡಿ ಮಸಿಯ ಕಲೆಗಳಾದವು, ಜೊತೆಗಿಟ್ಟಿದ್ದ ಕೆಂಪು ಲ್ಯೂರ್‌ಗಳಿಂದ ಬಿಳಿ ಹೊಟ್ಟೆಗೂ ಬಣ್ಣ ಹತ್ತಿತು. ಮಳೆಗಾಲದಲ್ಲಿ ಹೊಯ್ದವುಗಳ ತುಂಬ ಗುಳ್ಳೆಗಳು.
– ಓದುಗರು, ಡೊಂಬಿವಲಿ

ಉತ್ತರ: ಮೃದು ಪ್ಲಾಸ್ಟಿಕ್‌ನೊಳಗಿನ ಪ್ಲಾಸ್ಟಿಸೈಸರ್ ಎಣ್ಣೆ ಎಂದಿಗೂ ಪೂರ್ತಿ ನೆಲೆ ನಿಲ್ಲುವುದಿಲ್ಲ, ಅದರಲ್ಲಿ ಕರಗುವ ಬಣ್ಣವೆಲ್ಲ ಅದರೊಡನೆ ಹರಿದಾಡುತ್ತದೆ. ಮಾರ್ಕರ್‌ನ ಶಾಯಿ ಕರಗುವಂಥದ್ದು, ಹಲವು ಕೆಂಪು ಮತ್ತು ಫ್ಲೋರೊಸೆಂಟ್ ಬಣ್ಣಗಳೂ ಹಾಗೆಯೇ. ಸಾಮಾನ್ಯ ಅಕ್ರಿಲಿಕ್ ಬಣ್ಣ ಹರಡುವುದಿಲ್ಲ, ಆದರೆ ಲ್ಯೂರ್ ಬಾಗಿದಾಗ ಸಿಪ್ಪೆಯೆದ್ದು ಉದುರುತ್ತದೆ. ಚುಕ್ಕೆಗೆ ಉತ್ತಮವಾದದ್ದು ಬಿಸಿ ಪ್ಲಾಸ್ಟಿಸಾಲ್‌ನದೇ ಹನಿ; ಅದಾಗದಿದ್ದರೆ ಸ್ಕ್ರೀನ್ ಪ್ರಿಂಟಿಂಗ್‌ನವರು ರೆಕ್ಸಿನ್ನಿನ ಮೇಲೆ ಮುದ್ರಿಸಲು ಬಳಸುವ ಪಿವಿಸಿ ಶಾಯಿ. ಒಂದೊಂದು ಬಣ್ಣದ ಲ್ಯೂರ್‌ಗಳನ್ನು ಬೇರೆ ಬೇರೆ ಪಾಲಿಥೀನ್ ಚೀಲಗಳಲ್ಲಿಯೇ ಇಡಿ, ಏಕೆಂದರೆ ಇದೇ ಎಣ್ಣೆ ಕೆಲವು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗಳನ್ನೂ ಕರಗಿಸಿ ಅಂಟಿಸಿಬಿಡುತ್ತದೆ.

ಗುಳ್ಳೆಗೆ ಕಾರಣ ತೇವ. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಅಚ್ಚು ಮಳೆಗಾಲದ ಗಾಳಿಯಿಂದ ನೀರನ್ನು ಹೀರಿಕೊಂಡಿರುತ್ತದೆ, ಬಿಸಿ ಪ್ಲಾಸ್ಟಿಕ್ ತಗಲಿದೊಡನೆ ಆ ನೀರು ಆವಿಯಾಗುತ್ತದೆ. ಅಚ್ಚನ್ನು ಚೆನ್ನಾಗಿ ಒಣಗಿಸಿ, ಎಪಾಕ್ಸಿಯ ತೆಳುವಾದ ಲೇಪ ಕೊಡಿ. ನೀರು ಬೆರೆತ ಬಣ್ಣವನ್ನಂತೂ ಕಾಯಿಸಿದ ಪ್ಲಾಸ್ಟಿಸಾಲ್‌ಗೆ ಹಾಕಲೇಬಾರದು, ಅದು ಸಿಡಿದು ಕೈ ಮುಖ ಸುಡುತ್ತದೆ. ತೀರ ಹೆಚ್ಚು ಕಾದರೆ ಪಿವಿಸಿ ಹಳದಿಯಾಗಿ ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಬಿಡುತ್ತದೆ. ಫ್ಲ್ಯಾಟ್‌ನ ಅಡುಗೆಮನೆಯಲ್ಲಿ, ಅಡುಗೆಯ ಪಾತ್ರೆಯಲ್ಲಿ ಈ ಕೆಲಸ ಖಂಡಿತ ಬೇಡ. ಗಾಳಿಯಾಡುವ ಬಾಲ್ಕನಿ, ಕನ್ನಡಕ, ಕೈಗವಸು, ಥರ್ಮಾಮೀಟರ್ ಇರಲಿ.

ಪ್ರಶ್ನೆ: ಟ್ರೌಟ್ ಬಣ್ಣದ ಲ್ಯೂರ್ ಜುವಾರಿ ನದಿಯಲ್ಲಿ ಚೋಣಕ್ ಮೀನು ಹಿಡಿಯಲು ಉಪಯೋಗವಾದೀತೇ?
– ಓದುಗರು, ವಾಸ್ಕೊ, ಗೋವಾ

ಉತ್ತರ: ಕಡು ಬೆನ್ನು, ಬಿಳಿ ಹೊಟ್ಟೆ ಎಂಬ ವಿನ್ಯಾಸ ಎಲ್ಲ ನೀರಿಗೂ ಸಲ್ಲುತ್ತದೆ, ಹಾಗಾಗಿ ಲ್ಯೂರ್ ವ್ಯರ್ಥವಾಗದು. ಆದರೆ ಚೋಣಕ್ ತಿನ್ನುವುದು ಅಳಿವೆಯ ಶೆವಟೊ ಮೀನು, ಸೀಗಡಿಗಳನ್ನು. ಕಲೆ, ಕೆಂಪು ಚುಕ್ಕೆ ಎರಡನ್ನೂ ಬಿಟ್ಟು, ಬೆನ್ನಿಗೆ ಬೂದುಹಸಿರು, ಪಕ್ಕೆಗೆ ಬೆಳ್ಳಿಯ ಮೈಕಾ ಹಾಕಿ. ಹಿಮಾಲಯದ ತಿಳಿನೀರಿಗೆ ಬೇಕಾದ ಸೂಕ್ಷ್ಮ ಛಾಯೆಗಳು ಕಲಕಿದ ಅಳಿವೆಯ ನೀರಿನಲ್ಲಿ ಕಾಣುವುದೇ ಇಲ್ಲವಾದ್ದರಿಂದ, ಅಲ್ಲಿ ಬೆನ್ನನ್ನು ಇನ್ನಷ್ಟು ದಟ್ಟವಾಗಿಸಿ ಹೊಟ್ಟೆಯೊಡನೆ ಅಂತರ ಎದ್ದು ಕಾಣುವಂತೆ ಎರಕ ಹೊಯ್ಯಿರಿ.