ಹೆಡ್‌ಫೋನ್ ಸರಿ ಇದೆ, ಚರಚರ ಅನ್ನೋದು ಪ್ಲೇಟಿನದ್ದು

ಅಮೆರಿಕದ ಹಳೇ ಬ್ಲೂಸ್ ಗಾಯಕ ಸನ್ ಹೌಸ್ 'ಡೆತ್ ಲೆಟರ್' (ಸಾವಿನ ಕಾಗದ) ಹಾಡೋ ವಿಡಿಯೋ ನೋಡಿ ಅಳು ಬಂತು, ಆದ್ರೆ ಅವರದ್ದೇ 1930ರ ರೆಕಾರ್ಡಿಂಗ್ ಹಾಕಿದ್ರೆ ಬರೀ ಚರಚರ, ಹೆಡ್‌ಫೋನ್ ಹೋಗಿದ್ಯಾ ಅಂತ ಕೇಳಿದ್ರಲ್ಲ, ಬಹುಶಃ ಹೋಗಿಲ್ಲ. ಪ್ಯಾರಾಮೌಂಟ್ ಅನ್ನೋ ರೆಕಾರ್ಡ್ ಕಂಪನಿಯವ್ರು ಒತ್ತಿದ ಅಗ್ಗದ ಅರಗಿನ ಪ್ಲೇಟುಗಳವು, ಪ್ಲೇಟು ಒತ್ತೋಕೆ ಬಳಸಿದ ಮೂಲ ಅಚ್ಚು (ಮಾಸ್ಟರ್) ಉಳಿದಿಲ್ಲ, ಸವೆದುಹೋದ ಕೆಲವೇ ಪ್ಲೇಟುಗಳಿಂದ ಈಗಿನ ಕಾಪಿ ಎಲ್ಲಾ ಬಂದಿರೋದು. (ಕುರ್ಚಿ ಕಂಪನಿಯವರ ಸೈಡ್ ಬಿಸಿನೆಸ್ ಅದು, ಇನ್ನೇನಾಗುತ್ತೆ!)

ಆ 1930ರದ್ದರಿಂದ ಶುರು ಮಾಡ್ಬೇಡಿ. ಮೊದ್ಲು ಕೊಲಂಬಿಯಾ ಕಂಪನಿಗೆ ಅವರು ಮಾಡಿದ 1965ರ ಆಲ್ಬಮ್ ಕೇಳಿ, ಲೋಹದ ಮೈಯ ಗಿಟಾರ್ ಮೇಲೆ ಸ್ಲೈಡ್ (ಬೆರಳಿಗೆ ಹಾಕೋ ಕೊಳವೆ) ಜಾರೋದು, ತಂತಿಗೆ ಬೆರಳು ಬಡಿಯೋದು ಎಲ್ಲಾ ಕ್ಲಿಯರ್ ಆಗಿ ಕೇಳುತ್ತೆ, ಅದ್ರಲ್ಲೇ ಗಿಟಾರ್ ಕೆಳಗಿಟ್ಟು ಬರೀ ಚಪ್ಪಾಳೆ ತಟ್ಕೊಂಡು ಹಾಡಿರೋದೂ ಇದೆ, ರಾತ್ರಿ ಒಬ್ರೇ ಕೇಳಿ. ಆಮೇಲೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಜಾನಪದ ಹಾಡು ಸಂಗ್ರಹಿಸ್ತಿದ್ದ ಅಲನ್ ಲೋಮ್ಯಾಕ್ಸ್ 1941-42ರಲ್ಲಿ ಮಿಸಿಸಿಪ್ಪಿಯಲ್ಲಿ ಮಾಡಿದ ರೆಕಾರ್ಡಿಂಗ್. ಮೊದಲ ಸಲದ್ದು ಹಳ್ಳಿ ಅಂಗಡೀಲಿ ಮಾಡಿದ್ದು, ಮಧ್ಯೆ ರೈಲು ಹೋಗೋ ಸದ್ದು ಬರುತ್ತೆ, ಅದನ್ನೂ ಫಾಲ್ಟ್ ಅನ್ಕೋಬೇಡಿ.

ಕಿವಿ ಪಳಗಿದ್ಮೇಲೆ 1930ಕ್ಕೆ ಬನ್ನಿ. ಈಕ್ವಲೈಜರ್‌ನಲ್ಲಿ ಟ್ರೆಬಲ್ ಸ್ವಲ್ಪ ಇಳಿಸಿ, ಹೆಡ್‌ಫೋನ್ ಬಿಟ್ಟು ಸ್ಪೀಕರಲ್ಲಿ ಹಾಕಿ. ಚರಚರ ಪೂರ್ತಿ ತೆಗೆದಿರೋ ಕಾಪಿ ಹುಡುಕ್ಬೇಡಿ, ಅದ್ರಲ್ಲಿ ದನಿಯ ಒರಟೂ ಹೋಗಿರುತ್ತೆ. 'ಮೈ ಬ್ಲ್ಯಾಕ್ ಮಾಮಾ' ಎರಡನೇ ಭಾಗ ಮೊದ್ಲು ಹಾಕಿ. 'ಡೆತ್ ಲೆಟರ್'ನಲ್ಲಿ ನಿಮ್ಮನ್ನ ಅಳಿಸಿದ ಆ ಕಾಗದ ಬರೋ ಸಾಲು ಅದ್ರಲ್ಲೇ ಇದೆ, 1965ರದ್ದಕ್ಕಿಂತ 35 ವರ್ಷ ಚಿಕ್ಕ ದನೀಲಿ.